ಡೀಸೆಲ್ ಕುಡಿದ ಎರೆಮಣ್ಣಿನ ಮೂರು ರಾಶಿಗಳು

ಮೆಣಸಿನಕಾಯಿ ಆವಕ ಜೋರಾಗಿರುವ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಬ್ಯಾಡಗಿಗೆ ಹೊಸದಾಗಿ ಬಂದವರು ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮೂಗಿಗೆ ಆ ಘಾಟು ಒಗ್ಗಿಹೋಗಿದೆ; ಒಗ್ಗಿಹೋಗಿದ್ದರಿಂದಲೇ ಇರಬೇಕು, ನಮ್ಮ ಕೋಲ್ಡ್ ಸ್ಟೋರೇಜಿನ ಹಿಂಬದಿಯ ನೆಲದಿಂದ ಏಳುತ್ತಿದ್ದ ಡೀಸೆಲ್ ವಾಸನೆ ಒಂದಿಡೀ ಹಂಗಾಮು ನಮ್ಮ ಗಮನಕ್ಕೆ ಬರಲಿಲ್ಲ. ಅದನ್ನು ನಮಗೆ ತಿಳಿಸಿದವರು ಪಕ್ಕದ ಹೊಲದ ಹಿರಿಯರು. ಮಳೆಗಾಲ ಮುಗಿಯುತ್ತ ಬಂದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವರು ಕಚೇರಿಯ ಬಾಗಿಲಿಗೆ ಬಂದು, ಒಳಗೂ ಬಾರದೆ, "ತಮ್ಮಾ, ನಮ್ಮ ಬಾವ್ಯಾಗ ಎಣ್ಣಿ ತೇಲಾಕತ್ತೈತಿ, ಬಂದು ನೋಡು" ಎಂದಷ್ಟೇ ಹೇಳಿ ಹೊರಟುಬಿಟ್ಟರು. ಹೋಗಿ ನೋಡಿದೆ. ಮಳೆಗೆ ಮೇಲೇರಿದ್ದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಹರಡಿಕೊಂಡಿತ್ತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಡೀಸೆಲ್ ಟ್ಯಾಂಕು ಇಟ್ಟಿಗೆಯ ಕಟ್ಟೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆಯೇ ಇದ್ದು, ಅದರಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಸೋರಿದ್ದು ಟ್ಯಾಂಕಿನಿಂದ ಜನರೇಟರ್ ಕೋಣೆಗೆ ಕಾಂಕ್ರೀಟಿನ ಕೆಳಗೆ ಹಾಯ್ದುಹೋಗಿದ್ದ ಕಬ್ಬಿಣದ ಪೈಪಿನ ಒಂದು ಜಾಯಿಂಟು. ಲೆಕ್ಕದ ಪುಸ್ತಕ ತಿರುವಿ ಹಾಕಿದಾಗ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಡೀಸೆಲ್ ಖರ್ಚು ದಿನಕ್ಕೆ ಒಂದೆರಡು ಲೀಟರಿನಷ್ಟು ಏರಿದ್ದು ಎದ್ದು ಕಾಣುತ್ತಿತ್ತು. ಜನರೇಟರಿಗೆ ವಯಸ್ಸಾಯಿತು, ಹೆಚ್ಚು ಕುಡಿಯುತ್ತದೆ ಎಂದು ನಾವೇ ತೀರ್ಮಾನಿಸಿ, ಮೆಕ್ಯಾನಿಕ್‌ನನ್ನು ಕರೆಸಿ ಇಂಜೆಕ್ಟರ್ ಬದಲಿಸಿ, ಅವನಿಗೆ ಹಣವನ್ನೂ ಕೊಟ್ಟಿದ್ದೆವು. ಕುಡಿದದ್ದು ಜನರೇಟರ್ ಅಲ್ಲ, ನೆಲ. ಮೆಣಸಿನಕಾಯಿ ಸುತ್ತಲಿನ ವಾಸನೆಯನ್ನು ಸುಲಭವಾಗಿ ಹೀರಿಕೊಳ್ಳುವ ಸರಕು; ಒಳಗಿನ ಚೀಲಗಳಿಗೆ ಈ ವಾಸನೆ ಹತ್ತಿದರೆ ನಮ್ಮನ್ನು ನಂಬಿ ಮಾಲು ಇಟ್ಟ ರೈತರಿಗೆ ಏನೆಂದು ಉತ್ತರಿಸುವುದು ಎಂಬ ಚಿಂತೆಯಲ್ಲಿ ಆ ವಾರ ನನಗೆ ನಿದ್ದೆ ಬರಲಿಲ್ಲ. ಅದೃಷ್ಟವಶಾತ್ ಸೋರಿಕೆಯ ಜಾಗಕ್ಕೂ ಗೋದಾಮಿಗೂ ನಡುವೆ ಸಾಕಷ್ಟು ಅಂತರವಿತ್ತು.

ಕೆಟ್ಟ ಮಣ್ಣನ್ನು ಕೊನೆಗೆ ಶುದ್ಧಗೊಳಿಸಿದ್ದು ಎಣ್ಣೆ ತಿನ್ನುವ ಅಣುಜೀವಿಗಳು; ಆದರೆ ಮೊದಲ ಮೂರು ವಾರ ಅವುಗಳ ಮಾತೇ ಬರಲಿಲ್ಲ. ಪೈಪನ್ನು ಕಿತ್ತು, ನೆಲದ ಮೇಲೆಯೇ ಕಣ್ಣಿಗೆ ಕಾಣುವಂತೆ ಹೊಸದನ್ನು ಹಾಕಿಸಿದೆವು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸಿದೆವು. ಜಾಯಿಂಟಿನ ಸುತ್ತ ಗುಂಡಿ ತೋಡಿ, ಅದರಲ್ಲಿ ಜಿನುಗಿ ನಿಂತ ಡೀಸೆಲನ್ನು ಮೊಗೆದು ಡ್ರಮ್ಮುಗಳಿಗೆ ತುಂಬಿಸಿ, ಬಳಸಿದ ಎಣ್ಣೆಯನ್ನು ಸಂಸ್ಕರಿಸಲು ಪರವಾನಗಿ ಇರುವವರಿಗೆ ಒಪ್ಪಿಸಿದೆವು. ಈ ಹಂತವನ್ನು ದಾಟಿ ನೇರವಾಗಿ ಮದ್ದು ಹಾಕಲು ಹೊರಡುವವರನ್ನು ನಾನು ಆಮೇಲೆ ಬೇರೆ ಕಡೆಗಳಲ್ಲಿ ನೋಡಿದ್ದೇನೆ. ಬ್ಯಾಕ್ಟೀರಿಯಾಗಳು ಬದುಕುವುದು ನೀರಿನಲ್ಲಿ. ಅವು ಎಣ್ಣೆಯನ್ನು ಮುಟ್ಟುವುದು ನೀರು ಮತ್ತು ಎಣ್ಣೆ ಸಂಧಿಸುವ ಅಂಚಿನಲ್ಲಿ. ಮಡುಗಟ್ಟಿ ನಿಂತ ಎಣ್ಣೆಗೆ ಅಂಥ ಅಂಚು ತೀರ ಕಡಿಮೆ ಇರುವುದರಿಂದ, ಕೈಯಿಂದ ತೆಗೆಯಬಹುದಾದದ್ದನ್ನೆಲ್ಲ ಕೈಯಿಂದಲೇ ತೆಗೆದು, ಮಣ್ಣಿನ ಕಣಕಣಕ್ಕೂ ಅಂಟಿ ಉಳಿದದ್ದನ್ನು ಮಾತ್ರ ಅವುಗಳಿಗೆ ಬಿಡಬೇಕು.

ಅಂಟಿ ಉಳಿದ ಮಣ್ಣು ಸುಮಾರು 60 ಟನ್ ಆಗಬಹುದೆಂದು ಅಂದಾಜಾಯಿತು. ಅದನ್ನು ಅಗೆದು ಲಾರಿಗಳಲ್ಲಿ ತುಂಬಿ, ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ದಾಬಸ್‌ಪೇಟೆಯ ಬಳಿ ಇರುವ ಅಪಾಯಕಾರಿ ತ್ಯಾಜ್ಯದ ಭರ್ತಿ ತಾಣಕ್ಕೆ ಕಳಿಸುವುದು ಒಂದು ದಾರಿ. ಹಾಗೆ ಮಾಡಿದರೆ ಮಣ್ಣು ನಮ್ಮ ಅಂಗಳದಿಂದ ಹೋಗುತ್ತದೆಯೇ ಹೊರತು ಡೀಸೆಲ್ ಮಣ್ಣಿನಿಂದ ಹೋಗುವುದಿಲ್ಲ. ಹಿತೈಷಿಗಳು ಇನ್ನೂ ಅಗ್ಗದ ಉಪಾಯಗಳನ್ನು ಹೇಳಿದರು. ರಾತ್ರಿ ಹೊತ್ತು ಹಳ್ಳಕ್ಕೆ ಸುರಿಯಿರಿ ಎಂದವರೂ, ಹುಲ್ಲು ಹಾಕಿ ಸುಟ್ಟುಬಿಡಿ ಎಂದವರೂ, ನಾಲ್ಕು ಚೀಲ ಬಟ್ಟೆ ಸೋಪಿನ ಪುಡಿ ಹಾಕಿ ನೀರು ಬಿಡಿ ಎಂದವರೂ ಇದ್ದರು. ಸೋಪಿನ ಪುಡಿಯ ಸಲಹೆ ಕೇಳಲು ಸಾಧುವಾಗಿದ್ದರೂ ಇವುಗಳಲ್ಲೆಲ್ಲ ಅದೇ ಹೆಚ್ಚು ಕೇಡಿನದು ಎಂದು ನನಗೆ ಅನಿಸುತ್ತದೆ, ಏಕೆಂದರೆ ಅದು ಮಣ್ಣಿಗೆ ಅಂಟಿ ನಿಂತಿದ್ದ ಡೀಸೆಲನ್ನು ಸಡಿಲಿಸಿ ಪಕ್ಕದವರ ಬಾವಿಗೆ ಇನ್ನಷ್ಟು ಬೇಗ ತಲುಪಿಸುತ್ತಿತ್ತು.

ಅಲ್ಲೇ ಇಟ್ಟು ಅಣುಜೀವಿಗಳಿಂದ ಶುದ್ಧಗೊಳಿಸುವ ದಾರಿಯನ್ನು ಹೇಳಿದವಳು ಧಾರವಾಡದಲ್ಲಿ ಸೂಕ್ಷ್ಮಾಣುಜೀವಿ ಶಾಸ್ತ್ರ ಓದುತ್ತಿರುವ ನನ್ನ ಅಕ್ಕನ ಮಗಳು. ಪರಿಸರ ಸಲಹೆಗಾರರೊಬ್ಬರು ಯೋಜನೆಯನ್ನು ಬರೆದುಕೊಟ್ಟರು, ಮಂಡಳಿಯ ಒಪ್ಪಿಗೆಯೂ ದೊರೆಯಿತು. ಸುದ್ದಿ ಹೇಗೋ ಹರಡಿ, ಒಂದು ವಾರದೊಳಗೆ ಮಾರಾಟದ ಪ್ರತಿನಿಧಿಯೊಬ್ಬರು ಬೂದು ಬಣ್ಣದ ಪುಡಿಯ ಡಬ್ಬದೊಂದಿಗೆ ಬಂದು ಕುಳಿತರು. ಅವರ ಪ್ರಕಾರ ಅದರ ಒಂದು ಗ್ರಾಮಿನಲ್ಲಿ ಹತ್ತು ಕೋಟಿ ಬ್ಯಾಕ್ಟೀರಿಯಾಗಳಿದ್ದವು, ಇಪ್ಪತ್ತೊಂದು ದಿನಗಳಲ್ಲಿ ಮಣ್ಣು ಮೊದಲಿನಂತಾಗಬೇಕಿತ್ತು. ನಾನು ಅರ್ಧಕ್ಕರ್ಧ ಒಪ್ಪಿಯೇಬಿಟ್ಟಿದ್ದೆ. ಸಂಜೆ ಫೋನಿನಲ್ಲಿ ಹೇಳಿದಾಗ ಅವಳು, "ಮಾಮಾ, ಪುಡಿ ಬ್ಯಾಡ ಅಂತ ನಾನು ಅನ್ನಂಗಿಲ್ಲ. ಆದ್ರ ಎಲ್ಲಾ ಮಣ್ಣಿಗೂ ಹಾಕಬ್ಯಾಡ್ರಿ. ಹಾಕದ ಒಂದು ರಾಶಿ ಇಲ್ಲಂದ್ರ, ಪುಡಿ ಕೆಲಸ ಮಾಡ್ತೋ ಇಲ್ಲೋ ನಿಮಗ ಹೆಂಗ ಗೊತ್ತಾಗಬೇಕು?" ಎಂದು ಕೇಳಿದಳು. ಹೊಲದ ಅರ್ಧಕ್ಕೆ ಹೊಸ ಬೀಜ, ಅರ್ಧಕ್ಕೆ ಮನೆಯ ಬೀಜ ಹಾಕಿ ನೋಡುವ ರೈತರ ಮನೆಯಲ್ಲಿ ಹುಟ್ಟಿದ ನನಗೆ ಈ ಪ್ರಶ್ನೆ ತಾನಾಗಿಯೇ ಹೊಳೆಯದೆ ಹೋದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ಆ ದಿನಗಳಲ್ಲಿ ಅವಳು ಕಳಿಸಿದ್ದನ್ನೆಲ್ಲ ಓದಿದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದೊಡನೆ ಎಲ್ಲರೂ ಹೇಳುವ ಹೆಸರು ಆನಂದ ಮೋಹನ ಚಕ್ರವರ್ತಿಯವರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಅವರು ಎಣ್ಣೆಯಲ್ಲಿರುವ ಹಲವು ಬಗೆಯ ಹೈಡ್ರೋಕಾರ್ಬನ್ನುಗಳನ್ನು (ಇಂಗಾಲ, ಜಲಜನಕಗಳ ಸಂಯುಕ್ತಗಳನ್ನು) ಒಡೆಯುವ ಗುಣಗಳನ್ನು ಒಂದೇ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೂಡಿಸಿ, 1972ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1980ರ ಜೂನ್ 16ರಂದು ಐದು–ನಾಲ್ಕರ ಬಹುಮತದಿಂದ ಅವರ ಪರವಾಗಿ ತೀರ್ಪಾಯಿತು. ಆದರೆ ನನ್ನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಘಟನೆ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ತಗುಲಿ ನಾಲ್ಕು ಕೋಟಿ ಲೀಟರಿಗೂ ಹೆಚ್ಚು ಕಚ್ಚಾತೈಲ ಕಡಲಿಗೆ ಹರಿದಾಗ, ಅಲ್ಲಿನ ದಂಡೆಯ ಕಲ್ಲುಗಳ ಮೇಲೆ ಸಿಂಪಡಿಸಿದ್ದು ಮುಖ್ಯವಾಗಿ ಗೊಬ್ಬರವನ್ನು. ಎಣ್ಣೆ ತಿನ್ನುವ ಜೀವಿಗಳು ಆ ದಂಡೆಯಲ್ಲಿ ಮೊದಲೇ ಇದ್ದವು. ಅವುಗಳಿಗೆ ಕೊರತೆಯಾಗಿದ್ದದ್ದು ಸಾರಜನಕ ಮತ್ತು ರಂಜಕ. ಅಲ್ಲಿ ಪರೀಕ್ಷಿಸಿ ನೋಡಿದ ಮಾರುಕಟ್ಟೆಯ ಬ್ಯಾಕ್ಟೀರಿಯಾ ಉತ್ಪನ್ನಗಳು ಬರಿಯ ಗೊಬ್ಬರಕ್ಕಿಂತ ಹೆಚ್ಚಿನ ಫಲವನ್ನು ಸ್ಪಷ್ಟವಾಗಿ ತೋರಿಸಲಿಲ್ಲ.

ಗೊಬ್ಬರವೇಕೆ ಎಂಬುದು ರೈತರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಡೀಸೆಲ್ ಎಂದರೆ ಹೆಚ್ಚುಕಡಿಮೆ ಇಂಗಾಲ ಮತ್ತು ಜಲಜನಕ ಮಾತ್ರ. ಬರೀ ಅನ್ನ ತಿಂದು ಮೈ ಕಟ್ಟಲಾಗದ ಹಾಗೆ, ಬರೀ ಇಂಗಾಲ ತಿಂದು ಬ್ಯಾಕ್ಟೀರಿಯಾ ತನ್ನ ಸಂತತಿಯನ್ನು ಬೆಳೆಸಲಾರದು. ನೂರು ಪಾಲು ಇಂಗಾಲಕ್ಕೆ ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬುದು ಈ ಕೆಲಸದವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ. ನಮ್ಮ ಮಣ್ಣಿನ ಪ್ರತಿ ಕಿಲೋದಲ್ಲಿ ಸುಮಾರು 10 ಗ್ರಾಂ ಡೀಸೆಲ್ ಇತ್ತು. ಹಾಗೆಂದರೆ 20 ಟನ್ನಿನ ಒಂದು ರಾಶಿಯಲ್ಲಿ 200 ಕಿಲೋ ಡೀಸೆಲ್, ಅದರಲ್ಲಿ 170 ಕಿಲೋ ಇಂಗಾಲ, ಅದಕ್ಕೆ 17 ಕಿಲೋ ಸಾರಜನಕ. ಎರಡು ರಾಶಿಗಳಿಗೆ ಸೇರಿ ಒಂದೂವರೆ ಚೀಲ ಯೂರಿಯಾ ಮತ್ತು ರಂಜಕಕ್ಕಾಗಿ 17 ಕಿಲೋ ಡಿಎಪಿ ಗೊಬ್ಬರ ಸಾಕಾಗುತ್ತಿತ್ತು. ಇಷ್ಟು ದೊಡ್ಡ ತೊಂದರೆಗೆ ಇಷ್ಟು ಸಣ್ಣ ಖರೀದಿಯೇ ಎಂದು ಗೊಬ್ಬರದ ಅಂಗಡಿಯಲ್ಲಿ ನಿಂತಾಗ ನಂಬಿಕೆಯೇ ಬರಲಿಲ್ಲ.

ನಿಜವಾಗಿ ಕಂಗೆಡಿಸಿದ್ದು ಗಾಳಿಯ ಲೆಕ್ಕ. ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಬೇಕಾದರೆ ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು, ಅದು ಎಂಜಿನ್ನಿನಲ್ಲಿ ಉರಿದರೂ ಅಷ್ಟೇ, ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಕರಗಿದರೂ ಅಷ್ಟೇ. ಒಂದು ರಾಶಿಯ 200 ಕಿಲೋಗೆ 700 ಕಿಲೋ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆಯಿರುವುದರಿಂದ, ಒಂದೊಂದು ರಾಶಿಯೂ ಮೂರು ಟನ್ ಗಾಳಿಯನ್ನು, ಎಂದರೆ ಸುಮಾರು 2500 ಘನ ಮೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಒಂದಷ್ಟು ಇಂಗಾಲ ಬ್ಯಾಕ್ಟೀರಿಯಾಗಳ ಮೈಯೇ ಆಗಿ ಉಳಿಯುವುದರಿಂದ ಬೇಕಾಗುವುದು ಇದಕ್ಕಿಂತ ಕೊಂಚ ಕಡಿಮೆ ಎಂದು ಹಿಡಿದರೂ ಅದು ನಮ್ಮ ಎರೆಮಣ್ಣಿಗೆ ಸುಲಭದ ಮಾತಲ್ಲ. ಹಸಿಯಾದರೆ ಮುದ್ದೆಯಾಗಿ, ಒಣಗಿದರೆ ಕಲ್ಲಿನಂಥ ಹೆಂಟೆಯಾಗಿ ನಿಲ್ಲುವ ಈ ಮಣ್ಣಿನೊಳಗೆ ಗಾಳಿ ಹಾಯುವುದೇ ಕಷ್ಟ. ಕೆಂಪು ಮಸಾರಿ ಭೂಮಿಯಲ್ಲಿ ಇದೇ ಸೋರಿಕೆ ಆಗಿದ್ದರೆ ಮಣ್ಣನ್ನು ಶುದ್ಧಗೊಳಿಸುವುದು ಹಗುರವಾಗುತ್ತಿತ್ತು. ಆದರೆ ಡೀಸೆಲ್ ಬಾವಿಗೆ ಇನ್ನೂ ಬೇಗ ತಲುಪಿರುತ್ತಿತ್ತು ಎಂಬುದೂ ನಿಜ.

ನವೆಂಬರಿನಲ್ಲಿ ರಾಶಿಗಳನ್ನು ಕಟ್ಟಿದೆವು. ನೆಲವನ್ನು ಒಂದು ಬದಿಗೆ ಇಳಿಜಾರು ಮಾಡಿ, ಕೃಷಿ ಹೊಂಡಗಳಿಗೆ ಹಾಸುವ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಸುತ್ತಲೂ ಒಡ್ಡು ಏರಿಸಿ, ತಗ್ಗಿನ ಮೂಲೆಯಲ್ಲಿ ಬಸಿದ ನೀರು ಸೇರುವ ಸಣ್ಣ ಗುಂಡಿ ಮಾಡಿದೆವು. ಆ ನೀರನ್ನು ಹೊರಗೆ ಬಿಡದೆ ಮತ್ತೆ ರಾಶಿಗಳ ಮೇಲೆಯೇ ಚಿಮುಕಿಸಬೇಕಿತ್ತು. ಮೊದಲ ರಾಶಿಗೆ ನೀರು ಮತ್ತು ತಿರುವಿ ಹಾಕುವುದು, ಇಷ್ಟೇ. ಎರಡನೆಯದಕ್ಕೆ ಅವೆರಡರ ಜೊತೆಗೆ ಯೂರಿಯಾ, ಡಿಎಪಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಮಣ್ಣು ಅಂಟಿಕೊಳ್ಳದಂತೆ ಬಿಡಿಸಲು ಶೇಂಗಾ ಹೊಟ್ಟು ಮತ್ತು ಕಾಳು ಬಿಡಿಸಿದ ಗೋವಿನಜೋಳದ ಬೆಂಡಿನ ಪುಡಿ. ಮೂರನೆಯದಕ್ಕೆ ಎರಡನೆಯದರಲ್ಲಿ ಇದ್ದದ್ದೆಲ್ಲ ಅದೇ ಅಳತೆಯಲ್ಲಿ, ಅದರ ಮೇಲೆ ಹತ್ತು ಕಿಲೋ ಕೊಂಡ ಪುಡಿ. ಗೋವಿನಜೋಳದ ಬೆಂಡು ನಮ್ಮ ಜಿಲ್ಲೆಯಲ್ಲಿ ಒಲೆಗೆ ಹಾಕುವ ವಸ್ತು. ದೆಹಲಿಯ ಟೆರಿ ಸಂಸ್ಥೆ ತೈಲದ ಕೆಸರನ್ನು ಶುದ್ಧಗೊಳಿಸಲು ರೂಪಿಸಿದ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ಇದೇ ಬೆಂಡಿನ ಪುಡಿಯಲ್ಲಿ ಊರಿಸಿ ಕಳಿಸುತ್ತಾರೆಂದು ಆಮೇಲೆ ಓದಿದಾಗ ಅದರ ಮೇಲೆ ಗೌರವ ಹೆಚ್ಚಿತು. ಪಕ್ಕದ ಹೊಲದ ಹಿರಿಯರು ಒಡ್ಡಿನ ಮೇಲೆ ನಿಂತು ಎಲ್ಲವನ್ನೂ ನೋಡಿ, "ಎಲ್ಲಾರೂ ಜ್ವಾಳದ ರಾಶಿ ಮಾಡ್ತಾರ, ನೀ ಮಣ್ಣಿನ ರಾಶಿ ಮಾಡಾಕತ್ತೀಯಲ್ಲ" ಎಂದರು. ಬಾವಿ ಕೆಟ್ಟ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ನಗೆಮಾತು ಅದು.

ಮೊದಲ ತಿಂಗಳು ಎರಡು ತಪ್ಪುಗಳಾದವು. ರಾಶಿಗಳ ಒಳಗೆ ತೂತು ಕೊರೆದ ಪಿವಿಸಿ ಪೈಪುಗಳನ್ನು ಅಡ್ಡಲಾಗಿ ಇಟ್ಟು, ಹತ್ತು ದಿನಕ್ಕೊಮ್ಮೆ ಜೆಸಿಬಿಯಿಂದ ತಿರುವಿಸಿದರೆ ಗಾಳಿ ಸಾಕೆಂದು ನಾವು ಭಾವಿಸಿದ್ದೆವು. ಮೂರನೆಯ ಸಲ ತಿರುವಿದಾಗ ಮುಷ್ಟಿಗಾತ್ರದ ಒಂದು ಹೆಂಟೆಯನ್ನು ಒಡೆದು ನೋಡಿದೆ. ಹೊರಗೆ ಹಸಿಮಣ್ಣಿನ ವಾಸನೆ; ಒಳಗೆ ಪೆಟ್ರೋಲ್ ಬಂಕಿನ ವಾಸನೆ. ಜೆಸಿಬಿ ಹೆಂಟೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿಸುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಅಂದಿನಿಂದ ಪೈಪುಗಳನ್ನು ತೆಗೆದುಹಾಕಿ, ಮಣ್ಣನ್ನು ಅಂಗಳದ ಕಾಂಕ್ರೀಟಿನ ಮೇಲೆ ಮೊಣಕಾಲಿನ ಅರ್ಧ ಎತ್ತರಕ್ಕೆ ಹರಡಿ, ಹೆಂಟೆ ಒಡೆದು ಪುಡಿಮಾಡುವ ಟ್ರ್ಯಾಕ್ಟರಿನ ರೋಟಾವೇಟರ್ ಹೊಡೆಸಿ, ಮತ್ತೆ ರಾಶಿ ಮಾಡತೊಡಗಿದೆವು. ಒಂದು ರಾಶಿಯಲ್ಲಿ ರೋಟಾವೇಟರಿನ ಹಲ್ಲುಗಳಿಗೆ ಅಂಟಿದ ಮಣ್ಣು ಇನ್ನೊಂದಕ್ಕೆ ಹೋಗಬಾರದೆಂದು ಪ್ರತಿ ಸಲವೂ ಮೊದಲ ರಾಶಿಯಿಂದ ಆರಂಭಿಸಿ ಪುಡಿ ಹಾಕಿದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆವು. ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ವ್ಯತ್ಯಾಸ ಮಾಡಿದ ಒಂದೇ ಸಂಗತಿಯನ್ನು ಹೇಳಬೇಕೆಂದರೆ ನಾನು ರೋಟಾವೇಟರಿನ ಹೆಸರನ್ನೇ ಹೇಳುತ್ತೇನೆ.

ಎರಡನೆಯ ತಪ್ಪು ಯೂರಿಯಾದ್ದು. ಗೊಬ್ಬರವನ್ನು ಮೂರು ಕಂತುಗಳಲ್ಲಿ ಹಾಕಬೇಕೆಂದು ತೀರ್ಮಾನವಾಗಿತ್ತು, ಏಕೆಂದರೆ ಮಣ್ಣಿನ ತೇವದಲ್ಲಿ ಉಪ್ಪಿನಂಶ ಒಮ್ಮೆಲೇ ಏರಿದರೆ ಬ್ಯಾಕ್ಟೀರಿಯಾಗಳ ಮೈಯಿಂದಲೇ ನೀರು ಹೊರಗೆ ಎಳೆಯಲ್ಪಡುತ್ತದೆ. ನಾನು ಹುಬ್ಬಳ್ಳಿಗೆ ಹೋಗಿದ್ದ ದಿನ ಕೆಲಸದವರು ಎರಡನೆಯ ರಾಶಿಯ ಪಾಲನ್ನೆಲ್ಲ ಅದರ ಒಂದೇ ತುದಿಗೆ ಸುರಿದು ಕಲಸಿಬಿಟ್ಟರು. ಹಿಂದಿರುಗಿದಾಗ ಆ ತುದಿಯಿಂದ ಕಣ್ಣುರಿಸುವ ಅಮೋನಿಯಾ ಏಳುತ್ತಿತ್ತು. ಅವರಿಗೆ ನಾನು ಸರಿಯಾಗಿ ವಿವರಿಸಿರಲಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ಅವರು ತಿಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮೇಲಿನ ಮಣ್ಣನ್ನು ಇಡೀ ರಾಶಿಗೆ ಹಂಚಿ, ನೀರು ಚಿಮುಕಿಸಿ, ನಾಲ್ಕು ದಿನ ಬಿಡದೆ ತಿರುವಿದ ಮೇಲೆ ವಾಸನೆ ಇಳಿಯಿತು. ಆದರೂ ಆ ತುದಿಯ ಮಣ್ಣು ಒಂದು ತಿಂಗಳಷ್ಟು ಹಿಂದೆ ಬಿದ್ದಿತು.

ತೇವವನ್ನು ನೋಡಿಕೊಳ್ಳಲು ಯಾವ ಉಪಕರಣವೂ ಬೇಕಾಗಲಿಲ್ಲ. ಹಿಡಿ ಮಣ್ಣನ್ನು ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಒದ್ದೆ ಹೆಚ್ಚಾದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ. ಕಡಿಮೆಯಾದರೆ ಬ್ಯಾಕ್ಟೀರಿಯಾಗಳು ಸತ್ತಂತೆ ಮಲಗಿಬಿಡುತ್ತವೆ. ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ ಚಿಮುಕಿಸಿದರೆ ಸಾಕಾಗುತ್ತಿದ್ದದ್ದು ಮಾರ್ಚ್ ಹೊತ್ತಿಗೆ ಪ್ರತಿದಿನದ ಕೆಲಸವಾಯಿತು. ರಾಶಿಗಳ ಮೇಲೆ ತಾಡಪಾಲು ಹೊದಿಸಿದ್ದು ಮಳೆಗಿಂತ ಹೆಚ್ಚಾಗಿ ಆ ಬಿಸಿಲಿಗೆ ಉಪಯೋಗವಾಯಿತು.

ಇನ್ನು ಪುಡಿಯ ವಿಷಯ. ಅಕ್ಕನ ಮಗಳು ಮೂರೂ ರಾಶಿಗಳ ಮಣ್ಣನ್ನು ಧಾರವಾಡಕ್ಕೆ ಒಯ್ದು, ಡೀಸೆಲ್ ಬಿಟ್ಟರೆ ಬೇರೆ ಆಹಾರವೇ ಇಲ್ಲದ ಮಾಧ್ಯಮದಲ್ಲಿ ಬೆಳೆಸಿ, ಬೆಳೆದವುಗಳನ್ನು ಎಣಿಸಿದಳು. ಪುಡಿ ಹಾಕುವ ಮೊದಲೇ ನಮ್ಮ ಕೆಟ್ಟ ಮಣ್ಣಿನ ಒಂದು ಗ್ರಾಮಿನಲ್ಲಿ ಡೀಸೆಲ್ ತಿನ್ನಬಲ್ಲ ಬ್ಯಾಕ್ಟೀರಿಯಾಗಳು ಲಕ್ಷದ ಆಸುಪಾಸಿನಲ್ಲಿದ್ದವು. ಸೋರಿಕೆ ಮುಟ್ಟದ, ನೂರು ಹೆಜ್ಜೆ ಆಚೆಗಿನ ಮಣ್ಣಿನಲ್ಲಿ ಅವು ಕೆಲವು ನೂರು ಮಾತ್ರ. ವರ್ಷವಿಡೀ ಸೋರಿದ ಡೀಸೆಲ್ಲೇ ತನ್ನನ್ನು ತಿನ್ನುವವರನ್ನು ಸಾಕಿ ಬೆಳೆಸಿತ್ತು. ಈಗ ಪುಡಿಯ ಲೆಕ್ಕ ಹಾಕಿ ನೋಡಿ. ಡಬ್ಬದ ಮೇಲಿನ ಮಾತನ್ನು ಪೂರ್ತಿ ನಂಬಿ, ಗ್ರಾಮಿಗೆ ಹತ್ತು ಕೋಟಿಯಂತೆ ಹತ್ತು ಕಿಲೋವನ್ನು 20 ಟನ್ ಮಣ್ಣಿಗೆ ಹಂಚಿದರೆ, ಒಂದು ಗ್ರಾಂ ಮಣ್ಣಿನ ಪಾಲಿಗೆ ಬರುವುದು ಐವತ್ತು ಸಾವಿರ. ಎರಡನೆಯ ರಾಶಿಯಲ್ಲಿ, ಪುಡಿಯ ಸುಳಿವೇ ಇಲ್ಲದೆ, ಗೊಬ್ಬರ ಮತ್ತು ಗಾಳಿ ಸಿಕ್ಕ ಒಂದು ತಿಂಗಳಿಗೆ ಮಣ್ಣಿನವೇ ಆದ ಬ್ಯಾಕ್ಟೀರಿಯಾಗಳು ಗ್ರಾಮಿಗೆ ಹತ್ತು ಲಕ್ಷವನ್ನು ದಾಟಿದ್ದವು. ಲಕ್ಷ ಜನರಿರುವ ಊರಿಗೆ ಐವತ್ತು ಸಾವಿರ ಹೊಸಬರು ಬಂದರೆ ಒಂದೆರಡು ವಾರ ಗೊತ್ತಾಗುತ್ತದೆ. ಊರಿನವರೇ ಹತ್ತುಪಟ್ಟು ಬೆಳೆದ ಮೇಲೆ ಹೊಸಬರು ಬಂದಿದ್ದರೆಂಬುದೂ ಯಾರಿಗೂ ನೆನಪಿರುವುದಿಲ್ಲ.

ಅಳತೆ ಮಾಡಿಸುವುದು ರಾಶಿ ತಿರುವುವುದಕ್ಕಿಂತ ಹೆಚ್ಚು ಬೇಸರದ ಕೆಲಸವಾಯಿತು. ಒಂದು ರಾಶಿಯ ಒಂಬತ್ತು ಕಡೆಗಳಿಂದ, ಬೇರೆ ಬೇರೆ ಆಳದಿಂದ ಮಣ್ಣು ತೆಗೆದು, ಕಲಸಿ, ಗಾಜಿನ ಬಾಟಲಿಗೆ ತುಂಬಿ, ಮಂಜುಗಡ್ಡೆಯ ಡಬ್ಬದಲ್ಲಿ ಕಳಿಸಬೇಕಿತ್ತು. ಮೊದಲು ಮಣ್ಣು ಕಳಿಸಿದ ಒಂದು ಖಾಸಗಿ ಪ್ರಯೋಗಾಲಯದ ವರದಿ ನೋಡಿ ಎದೆ ಒಡೆಯಿತು: ತಿಂಗಳು ಕಳೆದ ಮೇಲೆ ಎರಡನೆಯ ಮತ್ತು ಮೂರನೆಯ ರಾಶಿಗಳಲ್ಲಿ ಎಣ್ಣೆ ಇಳಿಯುವ ಬದಲು ಏರಿತ್ತು. ವಿಚಾರಿಸಿದರೆ, ಅವರು ದ್ರಾವಕದಲ್ಲಿ ಕರಗಿದ್ದನ್ನೆಲ್ಲ ಆರಿಸಿ ತೂಕ ಮಾಡಿದ್ದರು. ನಾವು ಬೆರೆಸಿದ ತಿಪ್ಪೆಗೊಬ್ಬರದ ಜಿಡ್ಡು, ಶೇಂಗಾ ಹೊಟ್ಟಿನ ಎಣ್ಣೆ, ಗಿಡದ ಮೇಣ ಎಲ್ಲವೂ ಆ ತೂಕದಲ್ಲಿ ಡೀಸೆಲ್ ಎಂದೇ ಸೇರಿಹೋಗಿದ್ದವು. ಬೇರೆ ಪ್ರಯೋಗಾಲಯದಲ್ಲಿ ಸಿಲಿಕಾ ಜೆಲ್ಲಿನಿಂದ ಆ ಜಿಡ್ಡನ್ನು ಬೇರ್ಪಡಿಸಿ, ಮಿಶ್ರಣದ ಒಂದೊಂದು ಅಂಶವನ್ನೂ ಬೇರೆ ಬೇರೆ ಗೆರೆಯಾಗಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಅಳೆಸಿದಾಗ ನಿಜವಾದ ಚಿತ್ರ ಸಿಕ್ಕಿತು. ಹೊಟ್ಟು, ಗೊಬ್ಬರ ಬೆರೆಸಿದ್ದರಿಂದಲೇ ಮಣ್ಣು ತೆಳುವಾಗಿ ಅಂಕಿ ಇಳಿದಂತೆ ಕಾಣುವ ಮೋಸವೂ ಇದರಲ್ಲಿದೆ. ಹಾಗಾಗಿ ಬೆರಕೆ ಮುಗಿದ ದಿನದ ಅಂಕಿಯನ್ನೇ ನಾವು ಆರಂಭವೆಂದು ಹಿಡಿದೆವು.

ಮೂವತ್ತನೆಯ ದಿನ ಮೂರನೆಯ ರಾಶಿ ಎರಡನೆಯದಕ್ಕಿಂತ ಕೊಂಚ ಮುಂದಿತ್ತು, ಮೊದಲನೆಯದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ವಾರ ಪುಡಿ ಮಾರಿದವರಿಗೆ ಫೋನ್ ಮಾಡಿ ನಾಲ್ಕು ಒಳ್ಳೆಯ ಮಾತು ಹೇಳಿದ್ದೇನೆ, ಅದನ್ನು ಮರೆಮಾಚುವುದಿಲ್ಲ. ತೊಂಬತ್ತನೆಯ ದಿನಕ್ಕೆ ಎರಡು ಮತ್ತು ಮೂರರ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ. ಎರಡರಲ್ಲೂ ಡೀಸೆಲ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಐದು ತಿಂಗಳಿಗೆ ಆ ಎರಡೂ ಕಿಲೋಗೆ 2 ಗ್ರಾಮಿಗಿಂತ ಕೆಳಗೆ ಬಂದವು, ಬರೀ ನೀರು ಮತ್ತು ಗಾಳಿಯ ಮೊದಲ ರಾಶಿ 6 ಗ್ರಾಮಿನ ಹತ್ತಿರ ನಿಂತಿತು. ನೆದರ್‌ಲ್ಯಾಂಡ್ಸಿನಲ್ಲಿ ಮಣ್ಣಿನ ಖನಿಜ ತೈಲಕ್ಕೆ ಇಟ್ಟಿರುವ ಮಧ್ಯಪ್ರವೇಶದ ಮಿತಿ (ಅದನ್ನು ಮೀರಿದರೆ ಮಣ್ಣು ಗಂಭೀರವಾಗಿ ಕೆಟ್ಟಿದೆ ಎಂದು ಲೆಕ್ಕ) ಕಿಲೋಗೆ 5 ಗ್ರಾಂ ಎಂಬುದನ್ನು ನೆನೆದರೆ, ಮೊದಲನೆಯದು ಅದರ ಮೇಲೆಯೇ ಉಳಿದಿತ್ತು. ಇಪ್ಪತ್ತೊಂದು ದಿನಗಳ ಮಾತು ಇಪ್ಪತ್ತೊಂದನೆಯ ದಿನವೇ ಸುಳ್ಳಾಗಿತ್ತು.

ಡೀಸೆಲ್ ಆವಿಯಾಗಿ ಹೋಗಿರಬಾರದೇಕೆ ಎಂದು ಮಂಡಳಿಯ ಅಧಿಕಾರಿಯೊಬ್ಬರು ಕೇಳಿದರು, ಕೇಳಲೇಬೇಕಾದ ಪ್ರಶ್ನೆ. ಅದರ ಉತ್ತರ ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ. ಡೀಸೆಲಿನಲ್ಲಿ ಹದಿನೇಳು ಇಂಗಾಲದ ನೇರ ಸರಪಳಿಯೊಂದಿದೆ; ಅದರ ಜೊತೆಯಲ್ಲೇ, ಹೆಚ್ಚುಕಡಿಮೆ ಅದರಷ್ಟೇ ಉಷ್ಣತೆಗೆ ಆವಿಯಾಗುವ, ಆದರೆ ಕೊಂಬೆಗಳಿರುವ ಪ್ರಿಸ್ಟೇನ್ ಎಂಬ ಇನ್ನೊಂದಿದೆ. ಬಿಸಿಲಿಗೆ ಹಾರಿಹೋಗುವುದಾದರೆ ಎರಡೂ ಒಂದೇ ಪ್ರಮಾಣದಲ್ಲಿ ಹಾರಬೇಕು. ಬ್ಯಾಕ್ಟೀರಿಯಾ ಮಾತ್ರ ಆರಿಸಿ ತಿನ್ನುತ್ತದೆ. ಆಕ್ಸಿಜನೇಸ್ ಎಂಬ ಕಿಣ್ವದಿಂದ ಸರಪಳಿಯ ತುದಿಗೆ ಆಮ್ಲಜನಕವನ್ನು ಕೂಡಿಸಿ, ಮೊದಲು ಆಲ್ಕೋಹಾಲ್ ಆಗಿಸಿ, ಮುಂದೆ ಕೊಬ್ಬಿನ ಆಮ್ಲವಾಗಿಸಿ, ಆಮೇಲೆ ನಮ್ಮ ದೇಹ ತುಪ್ಪವನ್ನು ಕರಗಿಸುವ ರೀತಿಯಲ್ಲೇ ಎರಡೆರಡು ಇಂಗಾಲದ ತುಂಡುಗಳನ್ನು ಕತ್ತರಿಸುತ್ತ ಹೋಗುತ್ತದೆ. ನೇರ ಸರಪಳಿಗೆ ಈ ಕತ್ತರಿ ಸಲೀಸು, ಕೊಂಬೆಗಳಿರುವುದಕ್ಕೆ ತಡೆಯುತ್ತದೆ. ಎರಡು ಮತ್ತು ಮೂರನೆಯ ರಾಶಿಗಳ ಕ್ರೊಮ್ಯಾಟೋಗ್ರಾಫ್ ನಕ್ಷೆಯಲ್ಲಿ ಹದಿನೇಳರ ಎತ್ತರದ ಗೆರೆ ಪ್ರಿಸ್ಟೇನಿನ ಗೆರೆಗಿಂತ ಎಷ್ಟೋ ಕೆಳಗೆ ಕುಸಿದಿತ್ತು. ಮೊದಲ ರಾಶಿಯಲ್ಲಿ ಎರಡೂ ಹೆಚ್ಚುಕಡಿಮೆ ಜೊತೆಯಾಗಿಯೇ ನಿಂತಿದ್ದವು. ಅಧಿಕಾರಿಗಳು ಎರಡು ನಕ್ಷೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಹಾಗೆಂದು ಕೊಂಡು ತರುವ ಬ್ಯಾಕ್ಟೀರಿಯಾಗಳೆಲ್ಲ ಮೋಸವೆಂದು ಹೇಳುವಷ್ಟು ನಾನು ಬಲ್ಲವನಲ್ಲ. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಅಂತರ್ಜಲಕ್ಕೆ ಸೇರಿದಾಗ ಅದನ್ನು ಪೂರ್ತಿಯಾಗಿ ನಿರುಪದ್ರವಿಯಾಗಿಸಲು ಡಿಹಾಲೋಕಾಕ್ಕಾಯ್ಡಿಸ್ ಎಂಬ ಜೀವಿ ಬೇಕು. ಅದು ಎಲ್ಲ ನೆಲದಲ್ಲೂ ಇರುವುದಿಲ್ಲ; ಅದಿಲ್ಲದಿದ್ದರೆ ಕ್ರಿಯೆ ಅರ್ಧದಲ್ಲಿ ನಿಂತು, ಮೊದಲಿಗಿಂತ ಕೆಟ್ಟದಾದ ವಿನೈಲ್ ಕ್ಲೋರೈಡ್ ಉಳಿದುಬಿಡಬಹುದು. ಅಲ್ಲಿ ಹೊರಗಿನಿಂದ ತಂದು ಬಿಡುವುದಕ್ಕೆ ಅರ್ಥವಿದೆ. ಸೀಸ, ಕ್ರೋಮಿಯಂಗಳಂಥ ಲೋಹಗಳಾದರೆ ಯಾವ ಬ್ಯಾಕ್ಟೀರಿಯಾವೂ ಅವನ್ನು ತಿಂದು ಇಲ್ಲವಾಗಿಸಲಾರದು, ಹೆಚ್ಚೆಂದರೆ ಅವುಗಳ ರೂಪ ಬದಲಿಸಿ ಕದಲದಂತೆ ಮಾಡಬಹುದು. ಡೀಸೆಲ್ ಹಾಗಲ್ಲ, ಅದನ್ನು ತಿನ್ನಬಲ್ಲವರು ಗ್ಯಾರೇಜಿನ ಅಂಗಳದಿಂದ ಹಿಡಿದು ಹೊಲದ ಬದುವಿನವರೆಗೆ ಎಲ್ಲೆಡೆ ಇದ್ದಾರೆ. ಜೆಸಿಬಿಯ ಬಾಡಿಗೆಗಿಂತ ಹೆಚ್ಚು ಬೆಲೆ ಕೊಟ್ಟು ಅದೇ ಜಾತಿಯವರನ್ನು ಡಬ್ಬದಲ್ಲಿ ತಂದೆನಲ್ಲ ಎಂಬುದಷ್ಟೇ ನನ್ನ ಸಂಕಟ.

ಮೊದಲ ರಾಶಿಯನ್ನು ಹಾಗೇ ಬಿಡುವಂತಿರಲಿಲ್ಲ. ಏಪ್ರಿಲಿನಲ್ಲಿ ಅದಕ್ಕೂ ಹೊಟ್ಟು, ಗೊಬ್ಬರ ಸೇರಿಸಿ, ಮುಗಿದಿದ್ದ ಎರಡನೆಯ ರಾಶಿಯಿಂದ ನಾಲ್ಕು ಪುಟ್ಟಿ ಮಣ್ಣನ್ನು ಹೆಪ್ಪಿನಂತೆ ಬೆರೆಸಿದೆವು. ಮುಂಗಾರು ಹಿಡಿದು ರೋಟಾವೇಟರ್ ಹೊಡೆಯಲು ಬಾರದಂತಾಗಿ ಒಂದು ತಿಂಗಳು ಕೆಲಸ ನಿಂತರೂ, ಆಗಸ್ಟ್ ಹೊತ್ತಿಗೆ ಅದೂ ಉಳಿದೆರಡರ ಸಾಲಿಗೆ ಬಂತು. ಒಂದೊಂದು ಬಟ್ಟಲು ಮಣ್ಣಿನಲ್ಲಿ ಹೆಸರುಕಾಳು ಬಿತ್ತಿ ನೋಡಿದೆವು. ಹೊಲದ ಮಣ್ಣಿನಲ್ಲಿ ಬಂದಷ್ಟೇ ಮೊಳಕೆ ಬಂದವು, ಬೇರು ಮಾತ್ರ ಕೊಂಚ ಗಿಡ್ಡ. ಮಣ್ಣನ್ನು ಯಾವ ಹೊಲಕ್ಕೂ ಕೊಡದೆ, ಮಂಡಳಿಯ ಒಪ್ಪಿಗೆಯಂತೆ ನಮ್ಮದೇ ಕಾಂಪೌಂಡಿನ ಉದ್ದಕ್ಕೂ ಹರಡಿ, ಹೊಂಗೆಯ ಸಸಿಗಳನ್ನು ನೆಟ್ಟಿದ್ದೇವೆ.

ಬಾವಿಯದು ಇನ್ನೂ ಮುಗಿದಿಲ್ಲ. ಮೇಲೆ ತೇಲುತ್ತಿದ್ದ ಪದರವನ್ನು ಮೊದಲ ತಿಂಗಳಲ್ಲೇ ತೆಗೆದಿದ್ದರೂ, ನೆಲದೊಳಗಿನ ನೀರಿಗೆ ರೋಟಾವೇಟರ್ ಹೊಡೆಯಲಾಗುವುದಿಲ್ಲ. ಅಲ್ಲಿನ ಆಮ್ಲಜನಕ ಬೇಗನೆ ಮುಗಿದುಹೋಗಿ, ಬ್ಯಾಕ್ಟೀರಿಯಾಗಳು ನೈಟ್ರೇಟ್, ಕಬ್ಬಿಣ, ಸಲ್ಫೇಟುಗಳನ್ನು ಉಸಿರಾಡುತ್ತ ನಿಧಾನವಾಗಿ ಕೆಲಸ ಮಾಡುತ್ತಿವೆ. ನೀರಿಗೆ ಈಗ ಡೀಸೆಲ್ ವಾಸನೆಗಿಂತ ಕೊಳೆತ ಮೊಟ್ಟೆಯ ವಾಸನೆ ಹೆಚ್ಚಿರುವುದು ಆ ಕಾರಣಕ್ಕೇ, ಅದು ಒಳ್ಳೆಯ ಲಕ್ಷಣ ಎಂದು ಅಕ್ಕನ ಮಗಳು ವಿವರಿಸಿದಾಗ ಪಕ್ಕದ ಹೊಲದ ಹಿರಿಯರು, "ಒಳ್ಳೇದಾದ್ರ ನೀನ ಕುಡಿಯವಾ" ಎಂದುಬಿಟ್ಟರು. ಅವರ ಮನೆಗೆ ನಮ್ಮ ಕಡೆಯಿಂದ ದಿನಕ್ಕೊಂದು ಟ್ಯಾಂಕರ್ ಹೋಗುತ್ತದೆ. ಪ್ರತಿ ತಿಂಗಳ ಮೊದಲ ವಾರ ಬಾವಿಯ ನೀರನ್ನು ಬಾಟಲಿಗೆ ತುಂಬುವಾಗ ಅವರೂ ಬಂದು ನಿಲ್ಲುತ್ತಾರೆ, ಬಾಟಲಿಯ ಚೀಟಿಯ ಮೇಲೆ ತಾರೀಖು ಸರಿಯಾಗಿ ಬರೆದಿದ್ದೇನೆಯೇ ಎಂದು ಓದಿ ನೋಡಿ, ಆಮೇಲೆ ಹಗ್ಗವನ್ನು ಸುತ್ತಿ ನನ್ನ ಕೈಗೆ ಕೊಡುತ್ತಾರೆ.